ಹಳೆಯ ಹಣ್ಣಿನ ಮರಗಳ ಪುನಶ್ಚೇತನ: ಬಾಗಲಕೋಟೆ ಸೀಮೆ

ಹಳೆಯ ಹಣ್ಣಿನ ಮರಗಳ ಪುನಶ್ಚೇತನ ಎಂಬುದು ವಯಸ್ಸಿನಿಂದಲೋ ಆರೈಕೆ ತಪ್ಪಿದ್ದರಿಂದಲೋ ಫಸಲು ಇಳಿದ ಮರವನ್ನು ಕಡಿದು ಹಾಕದೆ, ಅದರ ಕೊಂಬೆಗಳನ್ನು ಕ್ರಮವಾಗಿ ಸವರಿ, ಬಾಗಿದ ಹಾಗೂ ಸೀಳಿದ ಭಾಗಗಳಿಗೆ ಆಧಾರ ಕೊಟ್ಟು, ಬುಡದ ಮಣ್ಣನ್ನು ಸರಿಪಡಿಸಿ ಮತ್ತೆ ಫಲಕ್ಕೆ ತರುವ ತೋಟಗಾರಿಕೆಯ ಒಂದು ಕ್ರಮ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳಲ್ಲಿ ಈ ಕ್ರಮ ಮುಖ್ಯವಾಗಿ ಪೇರಲ, ಚಿಕ್ಕು, ಮಾವು, ಲಿಂಬೆ, ದಾಳಿಂಬೆ, ಬಾರಿ ಮತ್ತು ಹುಣಸೆಗೆ ಅನ್ವಯವಾಗುತ್ತದೆ. ಇವೆಲ್ಲ ಒಂದೇ ವಯಸ್ಸಿನ ಕಟ್ಟಿಗೆಯ ಮೇಲೆ ಹಣ್ಣು ಬಿಡುವುದಿಲ್ಲ. ಎಲ್ಲಕ್ಕೂ ಒಂದೇ ಬಗೆಯ ಸವರುವಿಕೆ ಹೊಂದುವುದಿಲ್ಲ.

ಪರಿಭಾಷೆ

ಕೊಂಬೆ ರೆಂಬೆಗಳನ್ನು ಉದ್ದೇಶವಿಟ್ಟು ಕತ್ತರಿಸುವುದಕ್ಕೆ ತೋಟಗಾರಿಕೆ ಪುಸ್ತಕಗಳಲ್ಲಿ ‘ಸವರುವಿಕೆ’ ಎಂಬ ಪದವಿದೆ. ದ್ರಾಕ್ಷಿ, ದಾಳಿಂಬೆ ಬೆಳೆಯುವ ರೈತರು ಇದನ್ನೇ ‘ಚಾಟ್ನಿ’ ಎನ್ನುತ್ತಾರೆ. ಈ ಮಾತು ಮರಾಠಿಯಿಂದ ಬಂದದ್ದು. ಈ ಲೇಖನದಲ್ಲಿ ‘ಸವರುವಿಕೆ’ ಎಂಬುದನ್ನೇ ಬಳಸಿದೆ. ಮುಖ್ಯ ಕೊಂಬೆಗಳನ್ನು ಗೊತ್ತಾದ ಎತ್ತರಕ್ಕೆ ಮೊಟಕುಗೊಳಿಸಿ ಹೊಸ ತಲೆ ಕಟ್ಟಿಸುವುದು ‘ತಲೆ ಇಳಿಸುವಿಕೆ’. ಕೊಂಬೆಯನ್ನು ಅದು ಹುಟ್ಟಿದ ಜಾಗದಿಂದಲೇ ಪೂರ್ತಿ ತೆಗೆಯುವುದು ‘ತೆಳುಗೊಳಿಸುವಿಕೆ’. ಕೊಂಬೆ ಕಾಂಡವನ್ನು ಸೇರುವಲ್ಲಿ ಕಾಣುವ ಉಬ್ಬಿದ ಬಳೆ ‘ಕೊರಳು’. ಹಳೆಯ ಕಟ್ಟಿಗೆಯಿಂದ ನೆಟ್ಟಗೆ, ಹುರುಪಾಗಿ, ಹಣ್ಣಿಲ್ಲದೆ ಏಳುವ ಟಿಸಿಲು ‘ನೀರುಚಿಗುರು’. ನೆಲಮಟ್ಟದಲ್ಲಿ ಬೇರಿನಿಂದಲೋ ಬುಡದಿಂದಲೋ ಏಳುವುದು ‘ಬುಡಚಿಗುರು’. ಹಳೆಯ ಮರದ ಹೊಸ ಚಿಗುರಿಗೆ ಬೇರೆ ತಳಿಯನ್ನು ಕಸಿ ಕಟ್ಟುವುದು ‘ಮರುಕಸಿ’. ಹೂ ಬಿಡಿಸುವ ಹಂಗಾಮು ‘ಬಹಾರ’.

ಹಿನ್ನೆಲೆ

ಮರಗಳಿಗೆ ಚಿಕಿತ್ಸೆ ಮಾಡುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಜಯಸಿಂಹ ಜಗದೇಕಮಲ್ಲನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಮರದ ರೋಗಗಳನ್ನು ಮನುಷ್ಯನ ರೋಗಗಳಂತೆ ಗುರುತಿಸಿ ಮದ್ದು ಹೇಳುವುದು ಆ ಪರಂಪರೆಯ ಕ್ರಮ.

ಈ ಸೀಮೆಯ ತೋಟಗಾರಿಕೆಯಲ್ಲಿ ಕಲಾದಗಿಯ ಹೆಸರು ಮೊದಲು ಬರುತ್ತದೆ. ಘಟಪ್ರಭಾ ದಂಡೆಯ ಈ ಊರು ಬ್ರಿಟಿಷರ ಕಾಲದಲ್ಲಿ ಜಿಲ್ಲಾಕೇಂದ್ರವಾಗಿತ್ತು. 1880ರ ದಶಕದಲ್ಲಿ ಕೇಂದ್ರ ವಿಜಯಪುರಕ್ಕೆ ಹೋಯಿತು. ಕಲಾದಗಿಯ ಹೆಸರು ಆಮೇಲೆ ಉಳಿದುಕೊಂಡದ್ದು ಭೂವಿಜ್ಞಾನಿಗಳು ‘ಕಲಾದಗಿ ಶ್ರೇಣಿ’ ಎಂದು ಕರೆಯುವ ಪ್ರಾಚೀನ ಶಿಲಾಪದರದಿಂದ, ಮತ್ತು ಚಿಕ್ಕು, ಪೇರಲ, ದಾಳಿಂಬೆ, ಲಿಂಬೆ ತೋಟಗಳಿಂದ. ಚಿಕ್ಕು ಮೂಲತಃ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮರ. ಭಾರತದಲ್ಲಿ ಅದರ ಮೊದಲ ತೋಟ 1898ರಲ್ಲಿ ಮಹಾರಾಷ್ಟ್ರದ ಘೋಲವಡದಲ್ಲಿ ಎದ್ದಿತು. ‘ಸರದಾರ’ ಎಂದೂ ಕರೆಯಲಾಗುವ ಲಖನೌ-49 ಪೇರಲ ಮತ್ತು ‘ಗಣೇಶ’ ದಾಳಿಂಬೆ ಪುಣೆಯ ಗಣೇಶಖಿಂಡದಲ್ಲಿ ಡಾ. ಜಿ. ಎಸ್. ಚೀಮಾ ಅವರ ಕಾಲದಲ್ಲಿ ಆಯ್ಕೆಯಾದ ತಳಿಗಳು. ಮುಂಬಯಿ ಪ್ರಾಂತ್ಯದ ಭಾಗವಾಗಿದ್ದ ಈ ನೆಲಕ್ಕೆ ಹಣ್ಣಿನ ತಳಿಗಳೂ ‘ಚಾಟ್ನಿ’, ‘ಬಹಾರ’ದಂಥ ಮಾತುಗಳೂ ಪುಣೆಯ ಕಡೆಯಿಂದ ಬಂದದ್ದು ಸಹಜವೇ.

ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯ ಹಳೆ ಊರಿನ ಒಂದು ಭಾಗವನ್ನೂ ಘಟಪ್ರಭೆಯ ದಂಡೆಯ ಫಲವತ್ತಾದ ಜಮೀನನ್ನೂ ತೆಗೆದುಕೊಂಡಿತು. ನದಿ ದಂಡೆಯಲ್ಲಿ ದೊಡ್ಡದಾದ ಮರಕ್ಕೆ ಪರಿಹಾರದ ಹಣ ಸಿಕ್ಕೀತು. ಆ ಮರ ಬೆಳೆಯಲು ಹಿಡಿದ ವರ್ಷಗಳು ಸಿಗುವುದಿಲ್ಲ. ಉಳಿದ ಹಳೆಯ ಮರಗಳ ಬೆಲೆ ಈ ಸೀಮೆಯಲ್ಲಿ ಹೆಚ್ಚಲು ಇದೂ ಒಂದು ಕಾರಣ. ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ಇಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಕೇಂದ್ರ ನವನಗರದ ಉದ್ಯಾನಗಿರಿಯಲ್ಲಿದೆ.

ಹಣ್ಣಿನ ತೋಟಗಳ ಪುನಶ್ಚೇತನಕ್ಕೆ ಭಾರತದಲ್ಲಿ ವ್ಯವಸ್ಥಿತ ರೂಪ ಕೊಟ್ಟದ್ದು ಮುಖ್ಯವಾಗಿ ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ. ಅಲ್ಲಿ ಹಳೆಯ ಮಾವು ಮತ್ತು ಪೇರಲ ತೋಟಗಳ ಮೇಲೆ ನಡೆದ ಕೆಲಸದಿಂದ ತಲೆ ಇಳಿಸುವ ಎತ್ತರ, ಚಿಗುರಿನ ಆಯ್ಕೆ, ಗೊಬ್ಬರದ ಕ್ರಮ ಗೊತ್ತಾದವು. 2005–06ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಹಳೆಯ ತೋಟಗಳ ಪುನಶ್ಚೇತನವನ್ನು ಸಹಾಯಧನದ ಕೆಲಸಗಳಲ್ಲಿ ಸೇರಿಸಿತು.

ನೆಲ ಮತ್ತು ಹವೆ

ಈ ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿವೆ. ವರ್ಷದ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಅದೇ ದಿನಗಳಲ್ಲಿ ಅಡ್ಡಮಳೆಯ ಬಿರುಗಾಳಿ ಕಾಯಿ ತುಂಬಿದ ಕೊಂಬೆಗಳನ್ನು ಮುರಿಯುತ್ತದೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ವಾರಗಟ್ಟಲೆ ಬೀಸಿ ಮರಗಳನ್ನು ಪೂರ್ವಕ್ಕೆ ವಾಲಿಸುತ್ತದೆ.

ಮಣ್ಣು ಎರಡು ಬಗೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಸಣ್ಣ ಬೇರುಗಳನ್ನು ಹರಿಯುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ನೀರು ಹಿಡಿದು ಬೇರಿಗೆ ಉಸಿರು ಕಟ್ಟಿಸುತ್ತದೆ. ಇಳಕಲ್, ಹುನಗುಂದ, ಬಾದಾಮಿ ಕಡೆಯ ಕೆಂಪು ಮಸಾರಿ ನೀರು ಬಸಿಯುತ್ತದೆ, ಆದರೆ ಆಳ ಕಡಿಮೆ, ಕೆಳಗೆ ಗರಸು ಇಲ್ಲವೇ ಬಂಡೆ. ಅಂಥಲ್ಲಿ ಬೇರು ಮೇಲ್ಪದರದಲ್ಲೇ ಹರಡುವುದರಿಂದ ತಲೆ ಭಾರವಾದ ಮರ ಬುಡಸಮೇತ ಉರುಳುವ ಸಂಭವ ಹೆಚ್ಚು. ಎರೆಯಲ್ಲಿ ವಾಲುವುದು, ಮಸಾರಿಯಲ್ಲಿ ಉರುಳುವುದು: ಆಧಾರ ಕೊಡುವ ಕ್ರಮವನ್ನು ಇದನ್ನು ನೋಡಿಯೇ ಗೊತ್ತುಮಾಡಬೇಕಾಗುತ್ತದೆ.

ಮರ ಮುಪ್ಪಾಗುವ ಬಗೆ

ನಿರ್ಲಕ್ಷಿತ ಮರದ ಲಕ್ಷಣಗಳು ದೂರದಿಂದಲೇ ತಿಳಿಯುತ್ತವೆ. ಎಲೆಗಳೆಲ್ಲ ಹೊರಗಿನ ಚಿಪ್ಪಿನಂತೆ ಮೇಲ್ಭಾಗದಲ್ಲಿ ಮಾತ್ರ. ಒಳಗೆ ಬಿಸಿಲು ಕಾಣದ ಒಣ ಕಡ್ಡಿಗಳ ಗೂಡು. ಹಣ್ಣು ಕೈಗೆ ಸಿಗದ ಎತ್ತರದಲ್ಲಿ, ಗಾತ್ರದಲ್ಲಿ ಸಣ್ಣದು. ನೀರುಚಿಗುರು ಕಾಡಿನಂತೆ ಎದ್ದಿರುತ್ತದೆ. ಮಾವು, ಚಿಕ್ಕುಗಳ ಕೊಂಬೆಗಳ ಮೇಲೆ ಬದನಿಕೆ ಬೇರು ಇಳಿಸಿ, ತಾಯಿಮರದ ರಸ ಹೀರಿ ಹೂ ಬಿಟ್ಟಿರುತ್ತದೆ. ಹಕ್ಕಿಗಳು ಅದರ ಅಂಟುಬೀಜವನ್ನು ಕೊಂಬೆಯಿಂದ ಕೊಂಬೆಗೆ ಸಾಗಿಸುತ್ತವೆ. ಬದನಿಕೆಯ ಗಿಡವನ್ನು ಮಾತ್ರ ಕಿತ್ತರೆ ಪ್ರಯೋಜನವಿಲ್ಲ, ಅದರ ಬೇರು ಹೊಕ್ಕ ಕೊಂಬೆಯನ್ನೇ ಕೆಳಗಿನಿಂದ ತೆಗೆಯಬೇಕು.

ಇವುಗಳಲ್ಲಿ ಬಹುಪಾಲು ವಯಸ್ಸಿನ ಫಲವಲ್ಲ, ನೆರಳಿನ ಫಲ. ಬಿಸಿಲು ಬೀಳದ ಎಲೆ ತನ್ನ ಆಹಾರವನ್ನೂ ತಾನು ಮಾಡಿಕೊಳ್ಳದು; ಅಂಥ ಕಡ್ಡಿ ಒಣಗುತ್ತದೆ, ಮರ ಬಿಸಿಲು ಅರಸಿ ಮೇಲೆ ಹೋಗುತ್ತದೆ. ಆದರೆ ದಪ್ಪ ಕೊಂಬೆಗಳ ತೊಗಟೆಯಡಿ ಸುಪ್ತ ಮೊಗ್ಗುಗಳು ಜೀವಂತವಾಗಿರುತ್ತವೆ. ಕೊಂಬೆಯ ತುದಿ ಕತ್ತರಿಸಿದಾಗ ಆ ತುದಿಯಿಂದ ಇಳಿಯುತ್ತಿದ್ದ ತಡೆಯ ರಸಗಳು ನಿಂತು, ಈ ಮೊಗ್ಗುಗಳು ಒಡೆಯುತ್ತವೆ. ಪುನಶ್ಚೇತನದ ಜೀವಾಳ ಇದೇ.

ಗಾಯ ಮತ್ತು ಕೊರಳು

ಮರದ ಗಾಯ ಮನುಷ್ಯನ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಕಟ್ಟಿಗೆ ಮತ್ತೆ ಒಳ್ಳೆಯದಾಗದು. ಮರ ಅದರ ಸುತ್ತ ತಡೆಗೋಡೆ ಕಟ್ಟಿ, ಹೊರಗಿನಿಂದ ಹೊಸ ತೊಗಟೆಯಿಂದ ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೀಗೊ 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ಈ ತಡೆಗೋಡೆಯ ನೆಲೆ ಕೊರಳಿನಲ್ಲಿದೆ. ಕೊಂಬೆಯನ್ನು ಕಾಂಡಕ್ಕೆ ತಾಗಿಸಿ ಸಪಾಟಾಗಿ ಕತ್ತರಿಸಿದರೆ ಕೊರಳು ಹೋಗಿ ಕೊಳೆ ಕಾಂಡದೊಳಗೆ ಇಳಿಯುತ್ತದೆ; ಗೇಣುದ್ದದ ಮೋಟು ಉಳಿಸಿದರೆ ಮೋಟು ಒಣಗಿ ಅದೇ ಕೊಳೆಗೆ ದಾರಿಯಾಗುತ್ತದೆ. ಕೊರಳಿನ ಹೊರಗಿನ ಅಂಚಿಗೆ ಸರಿಯಾಗಿ ಗರಗಸ ಇಡುವುದೇ ಕ್ರಮ.

ದಪ್ಪ ಕೊಂಬೆಯನ್ನು ಮೂರು ಕೊಯ್ತದಲ್ಲಿ ಇಳಿಸಲಾಗುತ್ತದೆ. ಮೊದಲು ಕೊರಳಿನಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದರಷ್ಟು. ಎರಡನೆಯದು ಅದಕ್ಕಿಂತ ನಾಲ್ಕು ಬೆರಳು ಆಚೆ, ಮೇಲಿನಿಂದ ಕೆಳಕ್ಕೆ. ಆಗ ಕೊಂಬೆ ತನ್ನ ಭಾರಕ್ಕೆ ಮುರಿದರೂ ಕಾಂಡದ ತೊಗಟೆ ಸುಲಿಯುವುದಿಲ್ಲ. ಮೂರನೆಯ ಕೊಯ್ತ ಉಳಿದ ಮೋಟನ್ನು ಕೊರಳಿನ ಅಂಚಿಗೆ ತೆಗೆಯುತ್ತದೆ. ಕೊಯ್ಯುವಾಗ ಗರಗಸದ ಪುಡಿಯ ಕಡೆ ಕಣ್ಣಿರಬೇಕು. ಪುಡಿ ಕಂದಾಗಿ, ಹಗುರಾಗಿ ಉದುರಿದರೆ ಅಲ್ಲಿ ಕಟ್ಟಿಗೆ ಸತ್ತಿದೆ. ಬೆಳ್ಳಗೆ, ಹಸಿಯಾಗಿ, ಗರಗಸದ ಹಲ್ಲಿಗೆ ಅಂಟಿದರೆ ಜೀವ ಮುಟ್ಟಿದೆ. ಸತ್ತ ಕೊಂಬೆಯ ಬುಡದಲ್ಲಿ ಹಸಿ ತೊಗಟೆ ಮುಂದಕ್ಕೆ ಸರಿದು ಬಳೆ ಕಟ್ಟಿದ್ದರೆ ಆ ಬಳೆಗೆ ಕೈ ಹಚ್ಚದೆ, ಸತ್ತ ಭಾಗವನ್ನಷ್ಟೇ ತೆಗೆಯಬೇಕು. ಕೊಡಲಿಯ ಏಟು ಕಟ್ಟಿಗೆಯನ್ನು ಸೀಳುತ್ತದೆ. ಸವರುವಿಕೆಗೆ ಅದು ಸಲ್ಲದ ಉಪಕರಣ.

ಕತ್ತರಿಸಿದ ಮುಖಕ್ಕೆ ಬೋರ್ಡೋ ಮುಲಾಮು ಹಚ್ಚುವುದು ರೂಢಿ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 10 ಲೀಟರ್ ನೀರು ಇದರ ಪ್ರಮಾಣ. ಎರಡನ್ನೂ ಬೇರೆ ಬೇರೆ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಕೂಡಿಸಬೇಕು. ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತದ ತಾಮ್ರ ಕೆಡುತ್ತದೆ. ಯಾವ ಲೇಪವೂ ಒಳಗಿನ ಕೊಳೆಯನ್ನು ಪೂರ್ತಿ ತಡೆಯದು ಎಂಬುದು ಶೀಗೊ ಅವರ ಅಧ್ಯಯನದ ತೀರ್ಮಾನ. ಆದರೂ ಶಿಲೀಂಧ್ರ ಮತ್ತು ತೊಗಟೆಹುಳುವಿನ ಕಾಟವಿರುವ ನಮ್ಮ ತೋಟಗಳಲ್ಲಿ ತಾಮ್ರದ ಲೇಪವನ್ನು ಕೃಷಿ ಸಂಸ್ಥೆಗಳು ಶಿಫಾರಸು ಮಾಡುತ್ತವೆ. ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿ ಮಾತ್ರ ಈಗ ಬಿಟ್ಟುಹೋಗಿದೆ: ಗಾಳಿಗೆ ಮರ ಅಲುಗುತ್ತದೆ, ಸಿಮೆಂಟು ಅಲುಗುವುದಿಲ್ಲ, ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ.

ಪ್ರಮಾಣ ಮತ್ತು ಕಾಲ

ಒಂದೇ ವರ್ಷದಲ್ಲಿ ಮರವನ್ನು ಬೋಳಿಸುವುದು ಈ ಸೀಮೆಯಲ್ಲಿ ಬಹಳ ಅಪಾಯದ ಕೆಲಸ. ಹಲವು ವರ್ಷ ನೆರಳಿನಲ್ಲಿದ್ದ ಕೊಂಬೆಯ ತೊಗಟೆ ಒಮ್ಮೆಲೇ ಬೇಸಿಗೆಯ ಬಿಸಿಲಿಗೆ ಬಿದ್ದರೆ ಸುಟ್ಟು ಬಿರಿಯುತ್ತದೆ. ಬಿರಿದಲ್ಲಿ ಕಾಂಡಕೊರಕ ಮೊಟ್ಟೆ ಇಡುತ್ತದೆ. ಆದ್ದರಿಂದ ಕೆಲಸವನ್ನು ಮೂರು ವರ್ಷಕ್ಕೆ ಹಂಚುವುದು ಕ್ಷೇಮ. ಮೊದಲ ವರ್ಷ ಸತ್ತ, ರೋಗ ಹಿಡಿದ, ಒಂದಕ್ಕೊಂದು ತಿಕ್ಕುವ ಕೊಂಬೆಗಳು, ಬದನಿಕೆ, ಮತ್ತು ನಡುವೆ ನೆಟ್ಟಗೆ ಏರಿದ ಒಂದೆರಡು ಕೊಂಬೆ. ಎರಡನೆಯ ವರ್ಷ ಉಳಿದ ಎತ್ತರದ ಕೊಂಬೆಗಳಲ್ಲಿ ಅರ್ಧ. ಮೂರನೆಯ ವರ್ಷ ಮಿಕ್ಕದ್ದು. ಬಯಲಿಗೆ ಬಿದ್ದ ದಪ್ಪ ಕೊಂಬೆಗಳಿಗೆ ಸುಣ್ಣ ಬಳಿಯುವುದರಿಂದ ಬಿಸಿಲು ಪ್ರತಿಫಲಿಸಿ ತೊಗಟೆ ತಂಪಾಗಿರುತ್ತದೆ.

ಕಾಲ ಗೊತ್ತುಮಾಡುವುದಕ್ಕೆ ರೈತರ ಮಳೆನಕ್ಷತ್ರಗಳ ಲೆಕ್ಕ ಇಂದಿಗೂ ಉಪಯುಕ್ತ. ಜೂನ್ ಮೊದಲ ವಾರ ಕಳೆದು ಮಿರಗ (ಮೃಗಶಿರಾ ಮಳೆ) ಕೂಡುತ್ತದೆ. ಆ ಮಳೆಗೆ ಚಿಗುರುವ ಮೃಗ ಬಹಾರ, ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯ ಹೆಸರಿನ ಹಸ್ತ ಬಹಾರ, ಜನವರಿ–ಫೆಬ್ರವರಿಯ ಅಂಬೆ ಬಹಾರ ಎಂಬ ಮೂರು ಹಂಗಾಮುಗಳು ಪೇರಲ, ಲಿಂಬೆ, ದಾಳಿಂಬೆಗೆ ಅನ್ವಯಿಸುತ್ತವೆ. ಮಳೆ ಹಿಡಿದು ಸುರಿಯುವಾಗ ಸವರುವುದು ಎಲ್ಲ ಮರಗಳಿಗೂ ಕೆಟ್ಟದ್ದು. ಹಸಿ ಗಾಯಕ್ಕೆ ಹನಿಯ ಜೊತೆ ರೋಗಾಣು ಸೇರುತ್ತದೆ.

ಬೆಳೆವಾರು ಕ್ರಮ

ಪೇರಲ. ಪುನಶ್ಚೇತನಕ್ಕೆ ಬಹಳ ಚೆನ್ನಾಗಿ ಒಗ್ಗುವ ಮರ. ಹಣ್ಣು ಈ ವರ್ಷದ ಹೊಸ ಚಿಗುರಿನಲ್ಲೇ ಬರುವುದರಿಂದ ಎಷ್ಟು ಚಿಗುರಿಸಿದರೆ ಅಷ್ಟು ಲಾಭ. ಹಳೆಯ ಮರವನ್ನು ನೆಲದಿಂದ 1ರಿಂದ 1.5 ಮೀಟರ್ ಎತ್ತರಕ್ಕೆ ಇಳಿಸಬಹುದು. ಮೋಟಿನ ಸುತ್ತ ಏಳುವ ಹತ್ತಾರು ಚಿಗುರುಗಳಲ್ಲಿ ಹೊರಮುಖವಾಗಿ ಅಂತರವಿಟ್ಟು ಬೆಳೆಯುವ ಕೆಲವನ್ನು ಮಾತ್ರ ಉಳಿಸಿ, ಅವು ಒಂದೂವರೆ ಅಡಿಯಷ್ಟಾದಾಗ ಅರ್ಧಕ್ಕೆ ಚಿವುಟಿದರೆ ಕವಲೊಡೆದು ಗಿಡ್ಡನೆಯ ತಲೆ ಕಟ್ಟುತ್ತದೆ. ಬೇರಿಗೆ ಸೊರಗು ರೋಗ ತಗಲಿ ಒಂದು ಮಗ್ಗುಲ ಎಲೆ ಹಳದಿಯಾದ ಮರವನ್ನು ಇಳಿಸುವುದು ಶ್ರಮದ ನಷ್ಟ. ಅದನ್ನು ಬೇರುಸಹಿತ ತೆಗೆದು ಸುಡಬೇಕು. ಕೊಂಬೆಯ ಕವಲಿನಲ್ಲಿ ಹಿಕ್ಕೆ ಮತ್ತು ರೇಷ್ಮೆನೂಲು ಸೇರಿದ ಕಂದು ಪಟ್ಟಿ ಕಂಡರೆ ತೊಗಟೆ ತಿನ್ನುವ ಹುಳು ಇದೆಯೆಂದು ಅರ್ಥ.

ಚಿಕ್ಕು. ಪೇರಲಕ್ಕೆ ನೇರ ವಿರುದ್ಧ ಸ್ವಭಾವದ್ದು. ನಿಧಾನವಾಗಿ ಬೆಳೆಯುವ, ಹಾಲು ಸುರಿಸುವ, ತನ್ನಷ್ಟಕ್ಕೆ ಅಚ್ಚುಕಟ್ಟಾದ ಗುಮ್ಮಟದ ಆಕಾರ ಪಡೆಯುವ ಈ ಮರಕ್ಕೆ ತಲೆ ಇಳಿಸಿದರೆ ಮತ್ತೆ ಫಲಕ್ಕೆ ಬರಲು ಹಲವು ವರ್ಷ ಹಿಡಿಯುತ್ತದೆ. ಇಲ್ಲಿ ತೆಳುಗೊಳಿಸುವಿಕೆಯೇ ಕ್ರಮ: ನೆಲ ಮುಟ್ಟುವ ಕೆಳಕೊಂಬೆಗಳು, ಒಳಗಿನ ಒಣಕಡ್ಡಿ, ಪಕ್ಕದ ಮರದೊಳಗೆ ನುಗ್ಗಿದ ತುದಿಗಳು. ಚಿಕ್ಕುವನ್ನು ಸಾಮಾನ್ಯವಾಗಿ ಖಿರ್ಣಿ ಬೇರುಗಿಡದ ಮೇಲೆ ಕಸಿ ಕಟ್ಟಿರುತ್ತಾರೆ. ನಿರ್ಲಕ್ಷಿತ ತೋಟದಲ್ಲಿ ಕಸಿಗಂಟಿನ ಕೆಳಗಿನಿಂದ ಖಿರ್ಣಿ ಎದ್ದು ಚಿಕ್ಕುವನ್ನೇ ನುಂಗಿರುವುದುಂಟು. ಎಲೆಯ ಆಕಾರ ನೋಡಿ ಬೇರುಗಿಡದ ಚಿಗುರನ್ನು ಗುರುತಿಸಿ ತೆಗೆಯುವುದು ಮೊದಲ ಕೆಲಸ. ಈ ಒಂದು ಕೆಲಸದಿಂದಲೇ ಚೇತರಿಸಿಕೊಳ್ಳುವ ಮರಗಳಿವೆ.

ಮಾವು. ನಲವತ್ತು ವರ್ಷ ದಾಟಿ ಫಸಲು ಇಳಿದ ಮರಗಳಿಗೆ ಲಖನೌದ ಕ್ರಮದಲ್ಲಿ 3–4 ಮೀಟರ್ ಎತ್ತರದಲ್ಲಿ ತಲೆ ಇಳಿಸಿ, ಒಂದೊಂದು ಮೋಟಿನಲ್ಲಿ 8–10 ಹೊರಮುಖ ಚಿಗುರು ಉಳಿಸಲಾಗುತ್ತದೆ. ಅಲ್ಲಿ ಇದು ಚಳಿಗಾಲದ ಕೆಲಸ. ಇಲ್ಲಿ ಹಣ್ಣು ಇಳಿಸಿದ ಮೇಲೆ, ಜೂನ್ ಹೊತ್ತಿಗೆ ಮಳೆಯ ಬಿಡುವು ನೋಡಿ ಮಾಡಿದರೆ ಚಿಗುರಿಗೆ ಮುಂಗಾರಿನ ತಂಪು ಸಿಗುತ್ತದೆ. ಎರಡು ವರ್ಷ ಫಸಲಿಲ್ಲ. ಮೂರನೆಯ ವರ್ಷದಿಂದ ಹೂ ನಿರೀಕ್ಷಿಸಬಹುದು. ಮುಖ್ಯ ಶತ್ರು ಕಾಂಡಕೊರಕದ ಮರಿಹುಳು. ತೊಗಟೆಯ ತೂತಿನಿಂದ ಕಟ್ಟಿಗೆಯ ಪುಡಿ ಉದುರುತ್ತಿದ್ದರೆ ಸೈಕಲ್ಲಿನ ಕಡ್ಡಿಯಂಥ ತಂತಿಯ ತುದಿ ಬಗ್ಗಿಸಿ ಹುಳುವನ್ನು ಎಳೆದು ತೆಗೆದು, ತೂತನ್ನು ಹಸಿಮಣ್ಣಿನಿಂದ ಮೆತ್ತುತ್ತಾರೆ. ರುಚಿಯಿಲ್ಲದ ನಾಟಿ ಮರವಾದರೆ ಹೊಸ ಚಿಗುರಿಗೆ ಆಪೂಸು ಮೊದಲಾದ ತಳಿಯ ಮರುಕಸಿ ಕಟ್ಟಬಹುದು. ಆದರೆ ಬೀಜದಿಂದ ಎದ್ದ ಹಳೆಯ ನಾಟಿ ಮಾವು ಒಂದೊಂದೂ ಬೇರೆ ತಳಿಯೇ. ಉಪ್ಪಿನಕಾಯಿಗೆ ಒಗ್ಗುವ ಮಿಡಿಯೋ ರಸದ ಹಣ್ಣೋ ಇರುವ ಮರವನ್ನು ಪರೀಕ್ಷಿಸದೆ ಮರುಕಸಿಗೆ ಒಡ್ಡುವುದು ತಿರುಗಿ ಬಾರದ ನಷ್ಟ.

ಲಿಂಬೆ. ನೆರೆಯ ವಿಜಯಪುರ ಜಿಲ್ಲೆಯ ಇಂಡಿಯಷ್ಟು ಅಲ್ಲದಿದ್ದರೂ ಇಲ್ಲಿಯೂ ಕಾಗ್ಜಿ ಲಿಂಬೆ ತೋಟಗಳಿವೆ. ಲಿಂಬೆ ಭಾರಿ ಸವರುವಿಕೆಯನ್ನು ತಾಳದು. ಒಣಗಿದ ತುದಿಗಳನ್ನು ಹಸಿ ಕಟ್ಟಿಗೆಯವರೆಗೆ ತೆಗೆದು, ನೀರುಚಿಗುರು ಕಿತ್ತು, ಕಜ್ಜಿ ರೋಗದ ಕಡ್ಡಿಗಳನ್ನು ಸುಟ್ಟು, 1 ಪ್ರತಿಶತ ಬೋರ್ಡೋ ದ್ರಾವಣ ಸಿಂಪಡಿಸಿದರೆ ಸಾಕು. ಬುಡದಲ್ಲಿ ಅಂಟು ಸೋರುತ್ತಿದ್ದರೆ ಕಾಂಡಕ್ಕೆ ನೀರು ತಾಗದಂತೆ ಮಡಿಯನ್ನು ಉಂಗುರದಂತೆ ಹೊರಗೆ ಸರಿಸಬೇಕು.

ದಾಳಿಂಬೆ. ಇದು ಪೊದೆ. 3–4 ಕಾಂಡ ಉಳಿಸಿ ಮಿಕ್ಕ ಬುಡಚಿಗುರನ್ನು ತೆಗೆಯುತ್ತಾರೆ. ಹಣ್ಣು ಬಲಿತ ಕಟ್ಟಿಗೆಯ ಗಿಡ್ಡ ಮುಳ್ಳುಕಡ್ಡಿಗಳಲ್ಲಿ ಬರುವುದರಿಂದ ಪೇರಲದಂತೆ ಕಡಿದರೆ ಫಸಲೇ ಹೋಗುತ್ತದೆ. ಈ ಸೀಮೆಯಲ್ಲಿ ದಾಳಿಂಬೆ ತೋಟಗಳು ಪಾಳು ಬಿದ್ದದ್ದು ಮುಪ್ಪಿನಿಂದಲ್ಲ. 2000ದ ದಶಕದಲ್ಲಿ ಹಬ್ಬಿದ ದುಂಡಾಣು ಅಂಗಮಾರಿಯಿಂದ. ಕ್ಸಾಂಥೊಮೊನಾಸ್ ಗುಂಪಿನ ಈ ದುಂಡಾಣುವನ್ನು ಭಾರತದಲ್ಲಿ 1952ರಲ್ಲಿ ದೆಹಲಿಯಲ್ಲಿ ಮೊದಲು ವರದಿ ಮಾಡಲಾಗಿತ್ತು. ಇದು ಮಳೆಹನಿ, ಗಾಳಿ, ಸೋಂಕಿನ ಸಸಿ ಮತ್ತು ಸವರುವ ಕತ್ತರಿಯಿಂದ ಹರಡುತ್ತದೆ. ರೋಗದ ಗಿಡ ಸವರಿದ ಕತ್ತರಿಯನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದದೆ ಮುಂದಿನ ಗಿಡಕ್ಕೆ ಹಚ್ಚುವುದು ರೋಗವನ್ನು ಕೈಯಾರೆ ಬಿತ್ತಿದಂತೆ. ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ ಕೊಟ್ಟು, ಮಳೆ ತಪ್ಪಿಸಿ ಹಸ್ತ ಬಹಾರ ಹಿಡಿಯುವುದು ಇದಕ್ಕೆ ಕಂಡುಕೊಂಡ ದಾರಿ.

ಬಾರಿ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ, ಸಂಕ್ರಾಂತಿಯ ಹೊತ್ತಿಗೆ ಹಣ್ಣಾಗುವ ಮರ. ಹೂ ಹಣ್ಣು ಎರಡೂ ಹೊಸ ಚಿಗುರಿನಲ್ಲಿ. ಬೇಸಿಗೆಯಲ್ಲಿ ಎಲೆ ಉದುರಿ ಮಲಗುವುದರಿಂದ ಏಪ್ರಿಲ್–ಮೇ ಸವರಲು ತಕ್ಕ ಕಾಲ. ಬೇರೆ ಮರಗಳಿಗೆ ಮಾರಕವಾದ ಬಿಸಿಲು ಇದಕ್ಕೆ ತೊಂದರೆ ಕೊಡದು. ಪ್ರತಿವರ್ಷ ಸವರದಿದ್ದರೆ ಕೊಂಬೆ ಉದ್ದುದ್ದ ಬಾಗಿ ಹಣ್ಣು ಗೋಲಿಯಷ್ಟಾಗುತ್ತದೆ. ಕಾಡುಬಾರಿಯನ್ನು ಮೋಟು ಮಾಡಿ ಚಿಗುರಿಗೆ ಉಮ್ರಾನ್‌ನಂಥ ತಳಿಯ ಕಣ್ಣುಕಸಿ ಹಾಕಿದರೆ, ಆಳಕ್ಕಿಳಿದ ಹಳೆಯ ಬೇರಿನ ಬಲದಿಂದ ನೀರಾವರಿಯಿಲ್ಲದ ಬದುವಿನಲ್ಲೂ ಬೆಳೆ ಬರುತ್ತದೆ. ಮಳೆಯಾಶ್ರಿತ ರೈತನಿಗೆ ಇಷ್ಟು ಅಗ್ಗದ ಪುನಶ್ಚೇತನ ಬೇರೊಂದಿಲ್ಲ.

ಹುಣಸೆ. ಸವರುವಿಕೆ ಒಣಕೊಂಬೆ ಮತ್ತು ಬದನಿಕೆಗೆ ಸೀಮಿತ. ಗಳದಿಂದ ಬಡಿದು ಹಣ್ಣು ಉದುರಿಸುವಾಗ ಮುಂದಿನ ವರ್ಷ ಹೂ ಬಿಡಬೇಕಾದ ಕಡ್ಡಿಗಳೂ ಮುರಿಯುತ್ತವೆ. ಕೊಂಬೆ ಅಲುಗಿಸಿ ಕೆಡವುವುದು ಮೇಲು.

ಆಧಾರ

ಹಳೆಯ ಮರಕ್ಕೆ ಆಧಾರ ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಕಾಯಿಭಾರಕ್ಕೆ ಕೊಂಬೆ ಬಾಗಿದಾಗ, ಕವಲು ಸೀಳಿದಾಗ, ಇಡೀ ಮರ ವಾಲಿದಾಗ.

ಬಾಗಿದ ಕೊಂಬೆಗೆ ಕವಲುಗೋಲು ಸಾಕು. ಜಾಲಿ ಅಥವಾ ಬೇವಿನ ಕವಲಿರುವ ಗೂಟ, ಇಲ್ಲವೇ ಎರಡು ಬಿದಿರು ಗಳಗಳನ್ನು ಕತ್ತರಿಯಂತೆ ಕಟ್ಟಿದ ಚೌಕಟ್ಟು. ಕಾಂಡಕ್ಕೆ ತೀರ ಹತ್ತಿರ ನಿಲ್ಲಿಸಿದರೆ ಕೊಂಬೆ ಗೋಲಿನ ಆಚೆಗೆ ಮುರಿಯುತ್ತದೆ. ಕೊಂಬೆಯ ಉದ್ದದ ಅರ್ಧದಿಂದ ಮೂರನೇ ಎರಡು ಭಾಗದ ನಡುವೆ ನಿಲ್ಲಿಸುವುದು ಸರಿ. ಎರೆಮಣ್ಣಿನಲ್ಲಿ ಗೋಲು ಮಳೆಗೆ ಕುಸಿಯುವುದರಿಂದ ಅಡಿಯಲ್ಲಿ ಒಂದು ಚಪ್ಪಟೆ ಕಲ್ಲು ಬೇಕು. ಕಲ್ಲುಗಣಿಗಳ ಈ ನಾಡಿನಲ್ಲಿ ಅದಕ್ಕೆ ಕೊರತೆಯಿಲ್ಲ. ಗೋಲು ಮತ್ತು ತೊಗಟೆಯ ನಡುವೆ ಗೋಣಿತಟ್ಟು ಅಥವಾ ಹಳೆಯ ಟೈರಿನ ತುಂಡು ಇಡದಿದ್ದರೆ ಗಾಳಿಯ ತಿಕ್ಕಾಟಕ್ಕೆ ತೊಗಟೆ ಸವೆದು ಗಾಯವಾಗುತ್ತದೆ. ದಾಳಿಂಬೆಗೆ ಸಾಲಿನುದ್ದಕ್ಕೂ ಕಂಬ ನೆಟ್ಟು ತಂತಿ ಎಳೆದು ಕೊಂಬೆಗಳನ್ನು ಅದಕ್ಕೆ ಕಟ್ಟಲಾಗುತ್ತದೆ. ಕಟ್ಟಲು ಹಳೆಯ ಸೀರೆಯ ಅಗಲ ಪಟ್ಟಿ ನೈಲಾನ್ ದಾರಕ್ಕಿಂತ ಮೇಲು, ಅದು ತೊಗಟೆಯನ್ನು ಕೊರೆಯುವುದಿಲ್ಲ. ಯಾವ ಕಟ್ಟನ್ನಾದರೂ ವರ್ಷಕ್ಕೊಮ್ಮೆ ಬಿಚ್ಚಿ ಸಡಿಲಿಸಬೇಕು. ಮರೆತ ತಂತಿ ಕೊಂಬೆಯೊಳಗೆ ಹುದುಗಿ ಅದರ ಕುತ್ತಿಗೆ ಹಿಸುಕುತ್ತದೆ.

ಸೀಳಿದ ಕವಲಿಗೆ ಸುತ್ತ ತಂತಿ ಬಿಗಿಯುವುದು ತಪ್ಪು. ಮೇಲಿನ ಭಾರವನ್ನು ಮೊದಲು ಸವರಿ ಇಳಿಸಿ, ಸೀಳನ್ನು ಹಗ್ಗದಿಂದ ಕೂಡಿಸಿ, ಕವಲಿನ ಮೂಲಕ ಬೋಲ್ಟು ಹಾಯಿಸಿ ಎರಡು ಕಡೆ ಬಿಲ್ಲೆಯಿಟ್ಟು ಬಿಗಿಯಬೇಕು. ಒಂದು ತೂತಿನ ಗಾಯವನ್ನು ಮರ ತಾಳಿಕೊಳ್ಳುತ್ತದೆ, ಸುತ್ತು ಬಿಗಿತವನ್ನು ತಾಳದು.

ವಾಲಿದ ಎಳೆಯ ಮರವನ್ನು ಮಳೆಯ ಮೆತ್ತಗಿನ ನೆಲದಲ್ಲಿ ಎಳೆದು ನಿಲ್ಲಿಸಬಹುದು. ಹಳೆಯದನ್ನು ಎಳೆದರೆ ಉಳಿದ ಬೇರೂ ಹರಿಯುತ್ತದೆ. ಅದನ್ನು ವಾಲಿದಲ್ಲೇ ಕಂಬಕೊಟ್ಟು ಉಳಿಸುವುದೇ ದಾರಿ. ಪೂರ್ತಿ ಉರುಳಿದ ಮರವನ್ನು ಉಳಿಸಿದ ಉದಾಹರಣೆಯೂ ಕರ್ನಾಟಕದಲ್ಲಿದೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಪ್ರಾಚೀನ ದೊಡ್ಡಹುಣಸೆ (ಬಾವೊಬಾಬ್) ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಸಮೇತ ಬಿತ್ತು. ಕೊಂಬೆಗಳನ್ನು ಸವರಿ ಭಾರ ಇಳಿಸಿ, ಕ್ರೇನುಗಳಿಂದ ಎತ್ತಿ ಅದನ್ನು ಮತ್ತೆ ನೆಡಲಾಯಿತು. ತೆಲಂಗಾಣದ ಮಹಬೂಬನಗರದ ಪಿಲ್ಲಲಮರ್ರಿ ಆಲದ ಗೆದ್ದಲು ತಿಂದ ಕೊಂಬೆಗಳಿಗೆ ಕಂಬಗಳ ಆಸರೆ ಕೊಟ್ಟು ಚಿಕಿತ್ಸೆ ಮಾಡಲಾಗಿದೆ.

ಬುಡದ ಆರೈಕೆ

ಬೇರು ಸರಿಯಿಲ್ಲದ ಮರಕ್ಕೆ ಸವರುವಿಕೆ ಇನ್ನೊಂದು ಗಾಯ ಮಾತ್ರ. ಆದ್ದರಿಂದ ಕತ್ತರಿ ಹಿಡಿಯುವುದಕ್ಕೆ ಮೊದಲಿನ ಹಂಗಾಮಿನಲ್ಲೇ ಬುಡದ ಕೆಲಸ ಆಗಬೇಕು. ಕಾಂಡಕ್ಕೆ ಏರಿಸಿದ ಮಣ್ಣನ್ನು ಬಿಡಿಸಿ, ತಲೆಯ ಅಂಚಿನ ಕೆಳಗೆ ವೃತ್ತಾಕಾರದ ಮಡಿ ಮಾಡಿ, ಕೊಟ್ಟಿಗೆ ಗೊಬ್ಬರ ಅಲ್ಲಿ ಕೊಡಬೇಕು. ಹೀರುವ ಬೇರು ಇರುವುದು ಅಲ್ಲಿಯೇ, ಕಾಂಡದ ಬುಡದಲ್ಲಲ್ಲ. ಮೇಲೆ ಒಣಹುಲ್ಲು, ತೊಗರಿಕಟ್ಟಿಗೆ, ಸವರಿದ ರೋಗವಿಲ್ಲದ ಎಲೆಗಳ ಹೊದಿಕೆ ಹಾಕಿದರೆ ಎರೆ ಬಿರಿಯುವುದು ಕಡಿಮೆಯಾಗುತ್ತದೆ. ಕಾಲುವೆ ನೀರಿನಿಂದ ಸವುಳಾದ ಜಮೀನಿನಲ್ಲಿ ತುದಿಯಿಂದ ಒಣಗುತ್ತಿರುವ ಮರಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ.

ಉಪಯೋಗ ಮತ್ತು ಮಿತಿ

ಪುನಶ್ಚೇತನಗೊಂಡ ಮರ ಹೊಸ ಸಸಿಗಿಂತ ಬೇಗ ಫಲಕ್ಕೆ ಬರುತ್ತದೆ, ಸಿದ್ಧ ಬೇರಿನ ಬಲದಿಂದ ಬರ ತಾಳುತ್ತದೆ. ತಲೆ ಗಿಡ್ಡದಾದುದರಿಂದ ಹಣ್ಣು ಕೀಳುವವರು ಎತ್ತರಕ್ಕೆ ಹತ್ತಬೇಕಾಗಿಲ್ಲ, ಸಿಂಪಡಣೆ ಸುಲಭ. ತಲೆ ತೆರೆದ ಮೊದಲ ಎರಡು ವರ್ಷ ಸಾಲುಗಳ ನಡುವೆ ಕಡಲೆ, ಹೆಸರು, ಉಳ್ಳಾಗಡ್ಡಿ ತೆಗೆಯಬಹುದು. ಕಾಂಡದ ಅರ್ಧಕ್ಕಿಂತ ಹೆಚ್ಚು ಟೊಳ್ಳಾದ, ಬೇರುಕೊಳೆ ಹಿಡಿದ, ಸೊರಗು ರೋಗದ ಮರಗಳಿಗೆ ಈ ಕ್ರಮ ಸಲ್ಲದು. ದಾರಿ ಬದಿಯ ಹಾಗೂ ಸರ್ಕಾರಿ ಜಾಗದ ಮರಗಳಿಗೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ ಅನ್ವಯಿಸುವುದರಿಂದ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು.

ಇಂದಿನ ಸ್ಥಿತಿ

ತೋಟಗಾರಿಕೆ ಇಲಾಖೆಯ ಯೋಜನೆಗಳು, ಉದ್ಯಾನಗಿರಿಯ ವಿಶ್ವವಿದ್ಯಾಲಯದ ತರಬೇತಿ ಮತ್ತು ಸಸ್ಯಾಗಾರಗಳು ಈ ಸೀಮೆಯ ರೈತನಿಗೆ ಹತ್ತಿರದಲ್ಲಿವೆ. ದ್ರಾಕ್ಷಿ ಮತ್ತು ದಾಳಿಂಬೆಯ ಚಾಟ್ನಿ ಮಾಡುವ ನುರಿತ ಕೂಲಿಗಳ ತಂಡಗಳು ಊರೂರಿಗೆ ಹೋಗುತ್ತವೆ. ಎತ್ತರದ ಮಾವು, ಚಿಕ್ಕು, ಹುಣಸೆಗಳನ್ನು ಕೊರಳು ನೋಡಿ ಸವರಬಲ್ಲ ಕೈಗಳು ಮಾತ್ರ ಕಡಿಮೆ. ಆ ಕೆಲಸ ಬಹುತೇಕ ಕಟ್ಟಿಗೆ ಕಡಿಯುವವರ ಕೊಡಲಿಗೇ ಬೀಳುತ್ತದೆ. ಚಾಟ್ನಿ ತಂಡಗಳಿಗೆ ಮೂರು ಕೊಯ್ತದ ಕ್ರಮವನ್ನೂ ಮರ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟುವ ಶಿಸ್ತನ್ನೂ ಕಲಿಸುವುದು ಈಗ ಆಗಬೇಕಾದ ಕೆಲಸ. ಮನೆಯ ಹಿತ್ತಲಲ್ಲೋ ಹೊಲದ ಬದುವಿನಲ್ಲೋ ಫಸಲು ಇಳಿದ ಹಳೆಯ ಮರವಿರುವವರು ಕಡಿಯುವ ಮೊದಲು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಬೇಕು; ಕೆಳಗೆ ಹಸಿರು ಕಂಡರೆ ಆ ಕೊಂಬೆಗೆ ಇನ್ನೂ ಜೀವವಿದೆ.